ಧೂಳು ಬರುವಷ್ಟರಲ್ಲಿ ಬಟ್ಟೆ ಎತ್ತುವ ಆಟ

ಫೋನಿನಲ್ಲಿ ಕನ್ನಡ ಒತ್ತುವುದನ್ನು ಮೊಮ್ಮಗಳು ನನಗೆ ಕಲಿಸಿದ್ದು ಈಚೆಗೆ. ಒಂದಕ್ಷರ ಒತ್ತಿದರೆ ಸಾಕು, ಫೋನು ತಾನಾಗಿ ಪದಗಳನ್ನು ತಂದು ಮುಂದೆ ಹಿಡಿಯುತ್ತದೆ, ಮದುವೆ ಮನೆಯಲ್ಲಿ ಬೇಡ ಬೇಡ ಎಂದರೂ ಎಲೆಗೆ ಬಡಿಸುವವರ ಹಾಗೆ. ‘ಗಂಡ’ ಎಂದು ಒತ್ತಲು ಹೋದರೆ ‘ಗಂಡಾಂತರ’ ಎಂದು ತೋರಿಸುತ್ತದೆ. ನಾನು ಒಂದು ಸಲ ನಕ್ಕು ಆಮೇಲೆ ಅಳಿಸುತ್ತೇನೆ.

ಈಗ ಹೇಳಹೊರಟಿರುವುದು ಆ ಗಂಡನ ವಿಷಯ, ಮತ್ತು ಕೆಜಿಎಫ್‌ನಲ್ಲಿ ಒಂದಷ್ಟು ಮಕ್ಕಳು ಕಂಪ್ಯೂಟರ್ ಗೇಮ್ ಮಾಡಲು ಕಲಿತ ವಿಷಯ. ಎರಡೂ ಒಂದೇ ಕಥೆ.

ನಾವಿರುವುದು ಬಂಗಾರಪೇಟೆಯಲ್ಲಿ. ನಾನು ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ ಆಗಿದ್ದವಳು, ಕನ್ನಡ ಮೀಡಿಯಂ. ನಮ್ಮ ಮನೆಯವರು ರೈಲ್ವೆಯಲ್ಲಿದ್ದರು. ಎತ್ತರದ ಆಳು. ಬಾಗಿಲು ದಾಟುವಾಗ ಅವರು ತಲೆ ಬಗ್ಗಿಸಬೇಕು, ಮೇಲಿನ ಅಟ್ಟದ ಡಬ್ಬ ತೆಗೆಯಲು ನಾನು ಸ್ಟೂಲು ಹತ್ತಬೇಕು. ಜೊತೆಯಲ್ಲಿ ನಡೆದರೆ ಜನ ತಿರುಗಿ ನೋಡುತ್ತಿದ್ದರು. ರಿಟೈರಾದ ಮೇಲೆ ಅವರಿಗೆ ಸಂಜೆಯಾದರೆ ಷಟಲ್. ಮೈದಾನದಲ್ಲಿ ತಮ್ಮಂಥ ಪೆನ್ಷನ್‌ದಾರರ ಜೊತೆ ಆಡಿ, ಜಗಳವಾಡಿ, ಬೆವರಿನಲ್ಲಿ ತೊಯ್ದು ಮನೆಗೆ ಬಂದು ‘ಅವನು ಲೈನ್ ಔಟ್ ಅಂತ ಸುಳ್ಳು ಹೇಳಿದ’ ಎಂದು ರಾತ್ರಿ ಊಟದವರೆಗೂ ಗೊಣಗುತ್ತಿದ್ದರು. ಆ ಗೊಣಗಾಟ ನನಗೆ ಎಷ್ಟು ಇಷ್ಟವಿತ್ತು ಎಂದು ಅದು ನಿಂತ ಮೇಲೆ ಗೊತ್ತಾಯಿತು.

ಹೋದ ವರ್ಷ ಅವರ ಎಡಗಣ್ಣು ಹೋಯಿತು. ಒಳಗಿನ ನರ ಒಣಗಿದೆ ಎಂದರು ಡಾಕ್ಟರು. ಬಲಗಣ್ಣು ಚೆನ್ನಾಗಿದೆ, ಪೇಪರಿನ ಸಣ್ಣಕ್ಷರವನ್ನೂ ಓದುತ್ತಾರೆ. ಆದರೆ ಒಂದೇ ಕಣ್ಣಿಗೆ ಹತ್ತಿರ ಯಾವುದು, ದೂರ ಯಾವುದು ಎಂದು ಥಟ್ಟನೆ ತಿಳಿಯುವುದಿಲ್ಲ. ಕಾಫಿ ಲೋಟಕ್ಕೆ ಕೈ ಚಾಚಿದರೆ ಲೋಟ ಇನ್ನೂ ಅತ್ತ ಇರುವಾಗಲೇ ಬೆರಳು ಮುಚ್ಚಿಕೊಳ್ಳುತ್ತಿದ್ದವು. ಮೈದಾನದಲ್ಲಿ ಕಾಕ್ ಅವರ ಬ್ಯಾಟಿನ ಪಕ್ಕದಲ್ಲೇ ಹಾದು ನೆಲಕ್ಕೆ ಬೀಳುತ್ತಿತ್ತು. ಅದನ್ನಾದರೂ ಸಹಿಸಿಕೊಂಡಿದ್ದರು. ಜೊತೆಯವರು ಅವರ ಕಡೆಗೆ ಮಾತ್ರ ಮೆಲ್ಲಗೆ, ಎತ್ತರಕ್ಕೆ, ಮಗುವಿಗೆ ಹಾಕುವ ಹಾಗೆ ಹಾಕತೊಡಗಿದರು. ಬಿದ್ದರೆ ‘ಪರವಾಗಿಲ್ಲ ಬಿಡಿ’ ಎಂದರು. ಅಷ್ಟು ವರ್ಷ ಗಂಟಲು ಹರಿದು ಜಗಳವಾಡಿದವರು ‘ಪರವಾಗಿಲ್ಲ’ ಎಂದದ್ದು ಅವರಿಗೆ ಚುಚ್ಚಿತು.

“ಪಾಪ ಅಂತ ಆಡ್ಸೋರ ಜತೆ ನಾನ್ ಆಡಲ್ಲ ಕಣೇ” ಎಂದವರು ಮತ್ತೆ ಆ ಕಡೆ ಹೋಗಲಿಲ್ಲ. ಟಿವಿ ಮುಂದೆ ಕುರ್ಚಿ ಹಾಕಿಕೊಂಡರು. ನಾನು ಚೌಕಾಬಾರ ಹರಡಿ ಕೂರಿಸಿಕೊಂಡೆ. ಅವರ ಮುಖ ನೋಡಿ ಬೇಕೆಂದೇ ಸೋತೆ. ಅವರು ಕವಡೆಗಳನ್ನು ಸದ್ದಿಲ್ಲದೆ ಡಬ್ಬಿಗೆ ತುಂಬಿ, “ನೀನೂ ಶುರು ಅಚ್ಕೊಂಡ್ಯಾ?” ಎಂದರು.

ಈ ಮನುಷ್ಯ ಮತ್ತೆ ಯಾರ ಜೊತೆಗಾದರೂ ಆಡಬೇಕು, ಸೋತು ಜಗಳವಾಡಬೇಕು. ನನಗೆ ಬೇಕಾಗಿದ್ದುದು ಇಷ್ಟೇ. ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ.

ಮಗಳ ಮನೆ ಕೆಜಿಎಫ್‌ನಲ್ಲಿ, ಮಾರಿಕುಪ್ಪಂ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರ. ಶನಿವಾರ ಬೆಳಿಗ್ಗೆ ಟ್ರೈನು ಹತ್ತಿ ಅಲ್ಲಿಗೆ ಹೋಗಿ, ಮೊಮ್ಮಗಳನ್ನು ಪಕ್ಕದ ಕ್ವಾರ್ಟರ್ಸ್‌ನ ಹಾಲ್‌ಗೆ ಕರೆದೊಯ್ಯುವುದು ನನ್ನ ಪಾಲಿನ ಕೆಲಸವಾಗಿತ್ತು. ಅಲ್ಲಿ ಒಬ್ಬ ಹುಡುಗಿ ಮಕ್ಕಳಿಗೆ ಗೇಮ್ ಮಾಡುವುದನ್ನು ಹೇಳಿಕೊಡುತ್ತಿದ್ದಳು. ಧಾರವಾಡದ ಕಡೆಯವಳು. ಗಂಡನಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ. ಅವಳು ಕಂಪ್ಯೂಟರ್ ಓದಿದವಳು, ಮನೆಯಲ್ಲಿ ಸುಮ್ಮನೆ ಕೂರುವ ಜಾತಿಯಲ್ಲ. ಯಾರ್ಯಾರ ಮನೆಯಲ್ಲೋ ಮೂಲೆ ಸೇರಿದ್ದ ಹಳೇ ಲ್ಯಾಪ್‌ಟಾಪ್‌ಗಳನ್ನು ಕೇಳಿ ತಂದು ಸಾಲಾಗಿ ಜೋಡಿಸಿದ್ದಳು.

ನಾನು ಹಿಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಅವಳು ಬೋರ್ಡಿನ ಮೇಲೆ ಒಂದು ಸೂತ್ರ ಬರೆದಳು. ಆಳವಿರುವ ಗೇಮ್, ಅಂದರೆ ಅದರೊಳಗೆ ನಡೆದು ಹೋಗಬಹುದು ಅನ್ನಿಸುವ ಗೇಮ್ ಮಾಡಲು ಆ ಸೂತ್ರ ಬೇಕು ಎಂದಳು. ಮಕ್ಕಳು ಆಕಳಿಸಿದರು. ಮುಂದಿನ ಬೆಂಚಿನ ಹುಡುಗನೊಬ್ಬ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು ಆಕಳಿಸಿದ. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ ಮಾತಾಡುವ ಹುಡುಗ, ಮೂರರಲ್ಲೂ ತಲೆಹರಟೆ. ನನ್ನನ್ನು ತಮಿಳಿನಲ್ಲಿ ‘ಪಾಟಿ’ ಎಂದೇ ಕರೆಯುತ್ತಿದ್ದ, ಅಜ್ಜಿ ಎಂದು ಹೇಳಿಸಲು ನನ್ನಿಂದ ಆಗಲಿಲ್ಲ.

ಬೋರ್ಡು ನೋಡಿದರೆ ಅಲ್ಲಿದ್ದದ್ದು ಸಮರೂಪ ತ್ರಿಭುಜ. ನನ್ನ ಹಳೇ ಪರಿಚಯದವರು ಬಸ್ಸಿನಲ್ಲಿ ಸಿಕ್ಕ ಹಾಗಾಯಿತು.

“ಏನಮ್ಮಾ, ಅದನ್ನ ಬೋರ್ಡ್‌ನಾಗೆ ಏಳಿದ್ರೆ ಮಕ್ಕಳು ಮಲಗ್ತವೆ. ಕಿಟಕಿ ಹತ್ರ ಕರ್ಕೊಂಡ್ ಬಾ” ಎಂದೆ.

ಅವಳು ಬೇಸರ ಮಾಡಿಕೊಳ್ಳಬಹುದಿತ್ತು. “ಬರ್ರಿ ಅಜ್ಜಿ, ನೀವಽ ಹೇಳ್ರಿ. ನನಗೂ ಹ್ಯಾಂಗ್ ಹೇಳಬೇಕಂತ ತಿಳೀವಲ್ದು” ಎಂದು ಸೀಮೆಸುಣ್ಣ ನನ್ನ ಕೈಗಿಟ್ಟಳು.

ಹಾಲ್‌ನ ದೊಡ್ಡ ಕಿಟಕಿಯಾಚೆ ರಸ್ತೆ, ರಸ್ತೆ ಪಕ್ಕ ಸಮನಾದ ಅಂತರದಲ್ಲಿ ನೆಟ್ಟ ಲೈಟುಕಂಬಗಳು, ಅದರಾಚೆ ಸೈನೈಡ್ ದಿಬ್ಬ. ಚಿನ್ನ ತೆಗೆದುಕೊಂಡು ಉಳಿದ ಪುಡಿಮಣ್ಣನ್ನು ಸುರಿದೂ ಸುರಿದೂ ಆದ ಬೂದು ಬಣ್ಣದ ಗುಡ್ಡಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಆ ತಲೆಹರಟೆ ಹುಡುಗನನ್ನು ಕುರ್ಚಿಯ ಬೆನ್ನಿನ ಮೇಲೆ ಗದ್ದ ಊರಿಸಿ, ಒಂದು ಕಣ್ಣು ಮುಚ್ಚಿಸಿ ಕೂರಿಸಿದೆ. ಪರ್ಸಿನಿಂದ ಹಣೆಗಿಡುವ ಸ್ಟಿಕ್ಕರ್ ಪ್ಯಾಕೆಟ್ ತೆಗೆದು ಮೊಮ್ಮಗಳಿಗೆ ಕೊಟ್ಟೆ.

“ಕಂಬದ ತುದಿ ಗಾಜಿನ ಮೇಲೆ ಎಲ್ಲಿ ಕಾಣುತ್ತೋ ಅವನು ಏಳ್ತಾನೆ, ನೀನು ಅಲ್ಲಿ ಸ್ಟಿಕ್ಕರ್ ಅಂಟ್ಸು. ಬುಡಕ್ಕೊಂದು, ತುದಿಗೊಂದು.”

“ಮೇಲೆ... ಇನ್ನೂ ಮೇಲೆ... ಲೇ, ಅಷ್ಟ್ ಮೇಲಲ್ಲ! ಅಲ್ಲೇ ಅಲ್ಲೇ!”

“ನೀನ್ ತಲೆ ಅಲ್ಲಾಡಿಸ್ಬೇಡ್ವೋ ಕೋತಿ!”

“ಪಾಟಿ, ಒಂದ್ ಕಣ್ಣು ಯಾಕ್ ಮುಚ್ಬೇಕು? ನೋವಾಗ್ತೈತೆ.”

“ಎರಡೂ ತೆರೆದ್ರೆ ಒಂದೇ ಕಂಬ ಗಾಜಿನ ಮೇಲೆ ಎರಡು ಕಡೆ ಕಾಣುತ್ತೆ. ಗಾಜಿಗೆ ಒಂದೇ ಕಣ್ಣು ಸಾಕು.”

ಹಾಗೆ ಹೇಳುವಾಗ ನನಗೇನೂ ಹೊಳೆಯಲಿಲ್ಲ. ಲೆಕ್ಕ ಹೇಳುವಾಗ ನನಗೆ ಗಂಡ ಮಕ್ಕಳು ನೆನಪಾಗುವುದಿಲ್ಲ.

ಗಾಜಿನ ತುಂಬ ಕೆಂಪು ಚುಕ್ಕಿ ಕೂತವು. ಹೊರಗೆ ಒಂದೇ ಅಳತೆಯ ಕಂಬಗಳು ಗಾಜಿನ ಮೇಲೆ ಗಿಡ್ಡವಾಗುತ್ತ, ಒತ್ತೊತ್ತಾಗುತ್ತ ಹೋಗಿದ್ದವು. ಸ್ಕೇಲು ಹಿಡಿದು ಅಳೆಸಿದೆ. ಎರಡರಷ್ಟು ದೂರದ ಕಂಬ ಗಾಜಿನ ಮೇಲೆ ಅರ್ಧ. ಮೂರರಷ್ಟು ದೂರದ್ದು ಮೂರನೇ ಒಂದು. ಮೊಮ್ಮಗಳು ಸ್ಕೇಲನ್ನು ನೋಡಿ, ಕಂಬಗಳನ್ನು ನೋಡಿ, “ಅಜ್ಜಿ, ಎತ್ತರಾನ ದೂರದಿಂದ ಭಾಗ್ಸಿದ್ರೆ ಆಯ್ತು, ಅಷ್ಟೇನಾ?” ಎಂದಳು.

“ಅಷ್ಟೇ.”

“ಇಷ್ಟಕ್ಕೆ ಮಿಸ್ ಅಷ್ಟೊಂದ್ ಬರೆದ್ರಾ?”

ಧಾರವಾಡದ ಹುಡುಗಿ ನಕ್ಕಳು. ಲ್ಯಾಪ್‌ಟಾಪ್ ಮುಂದೆ ಕೂತು, ಅಡ್ಡಕ್ಕೆ ಎಷ್ಟಿದೆಯೋ ಅದನ್ನು ದೂರದಿಂದ ಭಾಗಿಸು, ಎತ್ತರಕ್ಕೆ ಎಷ್ಟಿದೆಯೋ ಅದನ್ನೂ ದೂರದಿಂದ ಭಾಗಿಸು ಎಂದು ಕಂಪ್ಯೂಟರಿಗೆ ಅರ್ಥವಾಗುವ ಭಾಷೆಯಲ್ಲಿ ಎರಡು ಸಾಲು ಬರೆದಳು. ಚಪ್ಪಟೆ ಪರದೆಯ ಒಳಗೆ ಕಂಬಗಳು ಸಾಲುಗಟ್ಟಿ ದೂರಕ್ಕೆ ಹೋಗಿ ನಿಂತವು. ಅವಳು ಒಂದು ಕೀ ಒತ್ತಿದಳು. ನಾವೇ ರಸ್ತೆಯಲ್ಲಿ ನಡೆದ ಹಾಗೆ ಕಂಬಗಳು ಎದ್ದು ಬಂದು ನಮ್ಮ ಪಕ್ಕ ಸರಿದುಹೋದವು. ಮಕ್ಕಳು ಕೂಗಿದ ಕೂಗಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ನಾನು ಕೂಗಲಿಲ್ಲ ಎಂದು ಹೇಳಬಹುದು, ಆದರೆ ಅವರೆಕಾಯಿ ಬುಟ್ಟಿ ಕಾಲಡಿ ಉರುಳಿತ್ತು.

ಅಂದಿನಿಂದ ನಾವಿಬ್ಬರೂ ಟೀಚರ್‌ಗಳು. ಅವಳಿಗೆ ಕಂಪ್ಯೂಟರ್, ನನಗೆ ಲೆಕ್ಕ. ನಾನು ಒಂದು ಕಾನೂನು ಮಾಡಿದೆ. ಗೇಮಿನೊಳಗೆ ಯಾವ ಅಂಕಿ ಹಾಕಿದರೂ ಅದನ್ನು ಹೊರಗೆ ಎಲ್ಲೋ ಟೇಪು ಹಿಡಿದು ಅಳೆದಿರಬೇಕು, ಬಾಯಿಗೆ ಬಂದದ್ದು ಹಾಕುವಂತಿಲ್ಲ. ಈ ಕಾನೂನು ಮುಂದೆ ನನ್ನ ಕಾಲಿಗೇ ಸುತ್ತಿಕೊಂಡಿತು.

ಯಾವ ಗೇಮ್ ಮಾಡುವುದು ಎಂದು ದೊಡ್ಡ ಗಲಾಟೆ. ಒಬ್ಬರಿಗೆ ಬಂದೂಕು, ಒಬ್ಬರಿಗೆ ಕಾರು. ಗಲಾಟೆಯ ಮಧ್ಯೆ ದಿಬ್ಬದ ಕಡೆಯಿಂದ ಗಾಳಿ ಎದ್ದಿತು. ಹೊರಗೆ ಯಾರೋ ಹೆಂಗಸು “ಗಾಳಿ ಬಂತು, ಬಟ್ಟೆ ಎತ್ರೋ!” ಎಂದು ಕೂಗಿದರು. ಆ ಕ್ವಾರ್ಟರ್ಸ್ ಸಾಲಿನಲ್ಲಿ ಒಂದು ಪದ್ಧತಿ ಇದೆ. ದಿಬ್ಬದ ಧೂಳು ಬಂದರೆ ಒಗೆದ ಬಟ್ಟೆಯೆಲ್ಲ ಹಿಟ್ಟು ಮೆತ್ತಿದ ಹಾಗಾಗುತ್ತದೆ, ಅದಕ್ಕೆ ಯಾರ ಮನೆಯ ಬಟ್ಟೆ ಎಂದು ನೋಡದೆ ಹತ್ತಿರ ಇದ್ದವರು ಓಡಿ ಎತ್ತಬೇಕು. ಆಮೇಲೆ ಕೂತು ಯಾರದು ಯಾರದು ಎಂದು ಹಂಚಿಕೊಳ್ಳುವುದು. ತರಗತಿಯೇ ಎದ್ದು ಓಡಿತು. ಧಾರವಾಡದವಳೂ ಸೆರಗು ಸಿಕ್ಕಿಸಿಕೊಂಡು ಓಡಿದಳು. ಕೈತುಂಬ ಲಂಗ, ಲುಂಗಿ, ಯೂನಿಫಾರ್ಮು ಹೊತ್ತು ಎಲ್ಲ ವಾಪಸ್ ಬಂದಾಗ, ತಲೆಯ ಮೇಲೆ ಯಾರದೋ ಸೀರೆ ಹೊದ್ದಿದ್ದ ನಮ್ಮ ತಲೆಹರಟೆ ಬಾಗಿಲಲ್ಲೇ ನಿಂತು ಕಿರುಚಿದ:

“ಪಾಟಿ! ಇದೇ ಗೇಮು!”

ಅದೇ ಗೇಮ್ ಆಯಿತು. ಹಿಂದೆ ದಿಬ್ಬ. ಮುಂದೆ ಮೂರು ಹಗ್ಗ, ಒಂದು ಹತ್ತಿರ, ಒಂದು ನಡುವೆ, ಒಂದು ದೂರ. ಆಡುವವರು ಕೀ ಒತ್ತಿ ಹಿಂದೆ ಮುಂದೆ, ಆಚೆ ಈಚೆ ನಡೆಯಬೇಕು. ಬಟ್ಟೆ ಕೈಗೆ ಎಟುಕುವಷ್ಟು ಹತ್ತಿರ ಬಂತು ಅನ್ನಿಸಿದಾಗ ಉದ್ದದ ಕೀ ಒತ್ತಿ ಎಳೆದುಕೊಳ್ಳಬೇಕು. ಅವಸರಪಟ್ಟು ದೂರದಿಂದಲೇ ಒತ್ತಿದರೆ ಕೈಗೆ ಗಾಳಿ. ಅಷ್ಟರಲ್ಲಿ ದಿಬ್ಬದಿಂದ ಧೂಳು ಬಂದು ಮುಚ್ಚುತ್ತದೆ.

ಧೂಳನ್ನು ನಡೆಸಿದ ದಿನ ಒಂದು ತಮಾಷೆ ಆಯಿತು. ದೂರದಲ್ಲಿದ್ದಾಗ ಅದು ಬೆಳೆದದ್ದೇ ಗೊತ್ತಾಗುತ್ತಿರಲಿಲ್ಲ. ಹತ್ತಿರ ಬಂದದ್ದೇ ಪರದೆ ತುಂಬ ಎದ್ದಿತು. ಭಾಗಿಸುವ ಅಂಕಿ ಸಣ್ಣದಾದಷ್ಟೂ ಉತ್ತರ ನೆಗೆಯುತ್ತದಲ್ಲ, ಅದು. ಕೊನೆಗೆ ಧೂಳು ಆಡುವವರ ಕಣ್ಣಿಗೇ ತಾಕಿತು, ದೂರ ಸೊನ್ನೆಯಾಯಿತು, ಕಂಪ್ಯೂಟರ್ ನಿಂತೇಹೋಯಿತು.

“ಸೊನ್ನೆಯಿಂದ ಭಾಗ್ಸಬಾರ್ದು ಅಂತ ನಾನು ಇಡೀ ಸರ್ವೀಸ್ ಬಡ್ಕೊಂಡೆ. ಒಬ್ರೂ ಕೇಳಲಿಲ್ಲ. ನೋಡಿ, ಇದಾದ್ರೂ ಕೇಳ್ತು” ಎಂದೆ.

“ಕೇಳಿಲ್ಲ ಪಾಟಿ, ಸತ್ತೋಯ್ತು” ಎಂದ ಹುಡುಗ.

ಧೂಳು ತೀರ ಹತ್ತಿರ ಬಂದಾಗ ಭಾಗಿಸುವ ಮೊದಲೇ ಆಟ ಮುಗಿಸುವಂತೆ ಅವಳು ಸರಿಮಾಡಿದಳು.

ಇನ್ನು ಹಗ್ಗದ ಎತ್ತರ, ನೋಡುವವರ ಕಣ್ಣಿನ ಎತ್ತರ, ಈ ಎರಡು ಅಂಕಿ ಬೇಕಿತ್ತು. ಬಂಗಾರಪೇಟೆಗೆ ಬಂದಿದ್ದಾಗ ಮೊಮ್ಮಗಳು ನಮ್ಮ ಹಿತ್ತಲಲ್ಲಿ ಟೇಪು ಹಿಡಿದು ಹಗ್ಗ ಅಳೆದಳು, ಆಮೇಲೆ ನನ್ನನ್ನು ಗೋಡೆಗೆ ನಿಲ್ಲಿಸಿ ಕಣ್ಣಿನ ಎತ್ತರ ಅಳೆದಳು. ಎರಡೂ ಒಂದೇ ಬಂತು. ನಾನು ಗಿಡ್ಡಿ, ಹಗ್ಗ ನನ್ನ ಕೈಗೆ ಎಟುಕಬೇಕು ಎಂದು ಕಣ್ಣಿನ ನೇರಕ್ಕೆ ಕಟ್ಟಿಸಿಕೊಂಡಿದ್ದೇನೆ. ನಮ್ಮ ಮನೆಯವರು ಹಿತ್ತಲಿಗೆ ಹೋದಾಗಲೆಲ್ಲ ಅದು ಅವರ ಕುತ್ತಿಗೆಗೆ ಸಿಕ್ಕುತ್ತದೆ, ಅದು ಬೇರೆ ಮಾತು. ಒಂದೇ ಅಂಕಿ ನೆನಪಿಟ್ಟರೆ ಸಾಕಲ್ಲ ಎಂದು ನಾನು ಹಿಗ್ಗಿದೆ.

ಶನಿವಾರ ಗೇಮ್ ಓಡಿಸಿದರೆ ಮೂರು ಹಗ್ಗ ಇರಬೇಕಾದಲ್ಲಿ ಒಂದೇ ಗೆರೆ. ಸೀರೆ, ಲುಂಗಿ, ಯೂನಿಫಾರ್ಮು ಎಲ್ಲವೂ ಆ ಒಂದಕ್ಕೇ ಜೋತುಬಿದ್ದಿದ್ದವು.

“ಏನ್ ಪಾಟಿ ಇದು, ಇಡೀ ಊರಿನ ಬಟ್ಟೆ ಒಂದೇ ಅಗ್ಗದಾಗೆ?”

“ನೀವ್ ಏನೋ ತಪ್ಪು ಒತ್ತಿದ್ದೀರ” ಎಂದೆ ಗತ್ತಿನಿಂದ.

ಧಾರವಾಡದವಳು ಬರೆದದ್ದನ್ನೆಲ್ಲ ಸಾಲು ಸಾಲಾಗಿ ನೋಡಿದಳು. “ಇಲ್ರಿ ಅಜ್ಜಿ, ಎಲ್ಲಾ ಬರೋಬ್ಬರಿ ಐತಿ” ಎಂದಳು.

ನನ್ನ ತಲೆಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಪರದೆಯ ಮೇಲೆ ಹಗ್ಗ ಎಲ್ಲಿ ಕಾಣಬೇಕು ಎನ್ನುವುದಕ್ಕೆ ಮೊದಲು ಕಣ್ಣಿನ ಎತ್ತರದಲ್ಲಿ ಹಗ್ಗದ ಎತ್ತರ ಕಳೆಯಬೇಕು, ಉಳಿದದ್ದನ್ನು ದೂರದಿಂದ ಭಾಗಿಸಬೇಕು. ನನ್ನ ಕಣ್ಣು, ನನ್ನ ಹಗ್ಗ ಎರಡೂ ಒಂದೇ ಆದರೆ ಉಳಿಯುವುದು ಸೊನ್ನೆ. ಸೊನ್ನೆಯನ್ನು ಎಷ್ಟು ದೂರದಿಂದ ಭಾಗಿಸಿದರೂ ಸೊನ್ನೆಯೇ. ಹತ್ತಿರದ ಹಗ್ಗವೂ ಅಲ್ಲೇ, ದೂರದ ಹಗ್ಗವೂ ಅಲ್ಲೇ. ಬೋರ್ಡಿನ ಮೇಲೆ ಬರೆದು ತೋರಿಸಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು.

“ಅಜ್ಜಿ ಗಿಡ್ಡಿಯಾಗಿರೋದಕ್ಕೆ ಗೇಮ್ ಕೆಟ್ಟೋಯ್ತು!”

“ಗಿಡ್ಡಿ ಅಂದ್ರೆ ಕಿವಿ ಇಂಡ್ತೀನಿ” ಎಂದೆ. “ಬೇರೆ ಯಾವ್ದಾದ್ರೂ ದೊಡ್ಡ ಅಂಕಿ ಆಕ್ಕೊಳ್ರಿ.”

“ಆಗಲ್ಲ! ಅಳೀದೆ ಆಕಬಾರ್ದು ಅಂತ ನೀನೇ ಏಳಿದ್ಯಾ” ಎಂದಳು ಮೊಮ್ಮಗಳು. ಸೊಂಟಕ್ಕೆ ಕೈ ಬೇರೆ. ಎಲ್ಲಿ ಕಲಿತಳೋ. “ಉದ್ದ ಇರೋರು ಬೇಕು. ತಾತನ ಕಣ್ಣು ಅಳೆಯಾಣ.”

ಕಣ್ಣು ಎಂಬ ಮಾತನ್ನೇ ನಾವು ಮನೆಯಲ್ಲಿ ಆಡುವುದು ಬಿಟ್ಟಿದ್ದೆವು. “ತಾತ ಬರಲ್ಲ ಕಣೇ” ಎಂದೆ. ಹೇಳುವಷ್ಟರಲ್ಲಿ ಹುಡುಗ ನನ್ನ ಫೋನು ಎತ್ತಿಕೊಂಡಿದ್ದ, ಮೊಮ್ಮಗಳು ವಿಡಿಯೋ ಕಾಲ್ ಒತ್ತಿದ್ದಳು. ಪರದೆಯಲ್ಲಿ ನಮ್ಮ ಮನೆಯವರ ಗದ್ದ ಮೂಡಿತು. ಫೋನು ಹಿಡಿಯುವುದು ಅವರಿಗೆ ನನಗಿಂತ ಕಡಿಮೆ ಗೊತ್ತು.

“ತಾತಾ, ನಮಸ್ಕಾರ. ನಿಮ್ ಕಣ್ಣು ಬೇಕಿತ್ತು” ಎಂದ ಹುಡುಗ, ಪಕ್ಕದ ಮನೆಯಲ್ಲಿ ಸಕ್ಕರೆ ಕೇಳುವಷ್ಟು ಸಲೀಸಾಗಿ.

“ಯಾರ್ಲಾ ನೀನು? ಕಣ್ಣಾ?”

“ಊಂ ತಾತ. ಗೇಮ್‌ಗೆ. ಪಾಟಿ ಕಣ್ಣು ಗಿಡ್ಡ ಆಯ್ತು.”

“ನಂದು ಒಂದು ಕೆಟ್ಟೋಗೈತೆ ಕಣ್ಲಾ.”

ನಾನು ಫೋನು ಕಸಿದುಕೊಳ್ಳಲು ಕೈ ಚಾಚಿದೆ. ಹುಡುಗ ಬೆನ್ನು ತಿರುಗಿಸಿದ.

“ಒಂದೇ ಸಾಕು ತಾತ. ಎರಡು ತಕ್ಕೊಂಡ್ ಏನ್ ಮಾಡಾದು? ಗೇಮ್‌ನಾಗೆ ಎಲ್ರಿಗೂ ಒಂದೇ ಕಣ್ಣು.”

ಗದ್ದ ಪರದೆಗೆ ಇನ್ನಷ್ಟು ಹತ್ತಿರ ಬಂತು. ಆಮೇಲೆ ಕೇಳಿದರು: “ಎಲ್ರಿಗೂ ಅಂದ್ರೆ?”

ಮೊಮ್ಮಗಳು ಅಡ್ಡಬಂದು ಗಾಜು, ಸ್ಟಿಕ್ಕರ್, ಕಂಬ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಚಪ್ಪಟೆ ಪರದೆಯ ಮೇಲೆ ಚಿತ್ರ ಬರುವುದು ಒಂದೇ ಜಾಗದಿಂದ ನೋಡಿದ ಹಾಗೆ, ಅದಕ್ಕೆ ಎರಡು ಕಣ್ಣಿದ್ದವರಿಗೂ ಅಲ್ಲಿ ಎರಡನೆಯದರಿಂದ ಪ್ರಯೋಜನವಿಲ್ಲ, ಎಲ್ಲರ ಕೈಗೂ ಗಾಳಿಯೇ ಸಿಗುವುದು ಎಂದಳು. ನಾನು ಕಲಿಸಿದ್ದನ್ನೇ ಅವಳು ಹೇಳುತ್ತಿದ್ದಳು. ಹೇಳಿಕೊಟ್ಟ ನನಗೆ ಅದು ಯಾರಿಗೆ ಬೇಕಾದ ಮಾತು ಎಂದು ಅಲ್ಲಿಯವರೆಗೆ ಹೊಳೆದಿರಲಿಲ್ಲ.

“ಮುಂದಿನ್ ಟ್ರೈನು ಎಷ್ಟೊತ್ತಿಗೆ?” ಎಂದಿತು ಗದ್ದ.

ಸ್ಟೇಷನ್ನಿಗೆ ಮಕ್ಕಳ ದಂಡೇ ಹೋಗಿ ಅವರನ್ನು ಹಾಲ್‌ಗೆ ಕರೆತಂದಿತು. ಗೋಡೆಗೆ ನಿಲ್ಲಿಸಿದರು. ಟೇಪಿನ ಮೇಲಿನ ತುದಿ ಹಿಡಿಯಲು ಹುಡುಗ ಬೆಂಚು ಹತ್ತಬೇಕಾಯಿತು. “ಅಬ್ಬಾ, ಪಾಟಿಗಿಂತ ಎಷ್ಟ್ ಮೇಲೈತೆ!” ಎಂದ. ಆ ಅಂಕಿ ಹಾಕಿ ಓಡಿಸಿದ ಕೂಡಲೇ ಒಂದಾಗಿದ್ದ ಗೆರೆ ಬಿಚ್ಚಿಕೊಂಡಿತು. ಹತ್ತಿರದ ಹಗ್ಗ ಕೆಳಗೆ ಇಳಿಯಿತು, ನಡುವಿನದು ಅದರ ಮೇಲೆ, ದೂರದ್ದು ಎಲ್ಲಕ್ಕಿಂತ ಮೇಲೆ. ಮೂರು ಹಗ್ಗ, ಮೂರು ಸಾಲು ಬಟ್ಟೆ. ಎತ್ತರದವರಿಗೆ ಲೋಕ ಹೀಗೆ ಕಾಣುತ್ತದೋ ಏನೋ ಎಂದು ನಾನು ಕಣ್ಣರಳಿಸಿ ನೋಡಿದೆ.

“ಇದು ನನ್ ಕಣ್ಣಾ?” ಎಂದರು ಅವರು, ಪರದೆಗೆ ಬಗ್ಗಿ.

“ನಿಮ್ದೇ. ಈಗ ಆಡಿ.”

“ನಂಗ್ ಬರಲ್ಲ.”

“ನಮ್ಗೂ ಬರಲ್ಲ. ಇವತ್ತೇ ಮೊದಲ್ನೇ ಸಲ ಆಗಿರಾದು.”

ಮೊದಲು ಹುಡುಗ ಆಡಿ ಗಾಳಿ ಹಿಡಿದ. ಮೊಮ್ಮಗಳು ಆಡಿ ಗಾಳಿ ಹಿಡಿದಳು. ಮಾಡಿಕೊಟ್ಟ ಧಾರವಾಡದವಳೇ ಆಡಿದಳು, ಸೀರೆಯ ಮುಂದೆ ನಿಂತು ಉದ್ದದ ಕೀ ಒತ್ತಿ ಒತ್ತಿ “ಇದೇನ್ರಿ ಕೈಗೇ ಸಿಗವಲ್ದು!” ಎಂದು ಬೈದಳು. ಧೂಳು ಬಂದು ಎಲ್ಲವನ್ನೂ ಮುಚ್ಚಿತು. ನಮ್ಮ ಮನೆಯವರು ಪ್ರತಿ ಸಲವೂ ಇನ್ನಷ್ಟು ಮುಂದಕ್ಕೆ ಬಾಗಿದರು. ತಾವು ಲೋಟ ತಪ್ಪಿಸಿದ ಹಾಗೆ ಎರಡೆರಡು ಕಣ್ಣಿನವರು ಸಾಲಾಗಿ ಬಟ್ಟೆ ತಪ್ಪಿಸುವುದನ್ನು ನೋಡುವುದು ಅವರಿಗೆ ಅದೇ ಮೊದಲು.

“ಸರೀರಿ ಅತ್ಲಾಗೆ” ಎಂದು ಕುರ್ಚಿ ಎಳೆದುಕೊಂಡರು.

ಕೂತವರು ಮುಂದೆ ನಡೆಯಲೇ ಇಲ್ಲ. ನಿಂತಲ್ಲೇ ಎಡದ ಕೀ, ಬಲದ ಕೀ, ಎಡದ ಕೀ, ಬಲದ ಕೀ. ಪರದೆಯ ಬಟ್ಟೆಗಳು ತೊನೆದವು.

“ತಾತ, ಡ್ಯಾನ್ಸ್ ಮಾಡಾಕಲ್ಲ, ಬಟ್ಟೆ ಎತ್ತಿ! ಧೂಳು ಬತ್ತೈತೆ!”

“ಬಾಯ್ಮುಚ್ಕೊಂಡ್ ನೋಡ್ಲಾ. ಅತ್ರ ಇರಾದು ಜಾಸ್ತಿ ಓಡುತ್ತೆ, ದೂರದ್ದು ನಿಂತಂಗೇ ಇರುತ್ತೆ. ನೋಡು, ಆ ಕೆಂಪು ಸೀರೆ ಎಂಗೆ ಓಡ್ತು! ಅದು ಅತ್ರ ಐತೆ.” ಎರಡು ಹೆಜ್ಜೆ ಮುಂದೆ ಹೋಗಿ ಒತ್ತಿದರು. ಸೀರೆ ಕೈಗೆ ಬಂತು. ಇನ್ನೊಂದು ಕುಲುಕು, ಲುಂಗಿ ಬಂತು. ಮತ್ತೊಂದು ಕುಲುಕು, ಯೂನಿಫಾರ್ಮು.

“ಖರೇ ಅಲ್ರಿ!” ಎಂದಳು ಧಾರವಾಡದವಳು. “ಪಕ್ಕಕ್ಕ ಸರದದ್ದನ್ನೂ ದೂರದಿಂದನ ಭಾಗಸ್ತೇವಿ. ದೂರ ಕಡಿಮಿ ಇದ್ದರ ಜಾಸ್ತಿ ಸರೀತೈತಿ. ಅದಽ ಸೂತ್ರ.”

ನಾನು ಅವರ ತಲೆಯನ್ನೇ ನೋಡುತ್ತಿದ್ದೆ. ಕೀ ಒತ್ತುವಾಗಲೂ ಅದು ಎಡಕ್ಕೆ ಬಲಕ್ಕೆ ಸಣ್ಣಗೆ ಆಡುತ್ತಿತ್ತು. ತಿಂಗಳುಗಳಿಂದ ಅಡುಗೆಮನೆಯಲ್ಲಿ ಲೋಟದ ಮುಂದೆ ಅವರು ಹಾಗೆ ತಲೆ ಆಡಿಸುವುದನ್ನು ಕಂಡು, ಕತ್ತು ನೋವೆಂದು ತಿಳಿದು, ನಾನು ದಿನಾ ಎಣ್ಣೆ ಕಾಯಿಸಿ ತಿಕ್ಕುತ್ತಿದ್ದೆ. ಬೇಡ ಎಂದು ಒಂದು ದಿನವೂ ಹೇಳಿರಲಿಲ್ಲ ಈ ಮಹಾನುಭಾವರು.

“ಕತ್ತು ನೋವು ಇರಲಿಲ್ವಾ ನಿಮ್ಗೆ?” ಎಂದೆ.

“ಎಣ್ಣೆ ಚೆನ್ನಾಗಿತ್ತು, ಸುಮ್ನಿದ್ದೆ” ಎಂದರು, ಪರದೆಯಿಂದ ಕಣ್ಣು ತೆಗೆಯದೆ.

ಧೂಳು ಬರುವಷ್ಟರಲ್ಲಿ ಎರಡು ಹಗ್ಗ ಖಾಲಿ ಮಾಡಿದ್ದರು. ಮಕ್ಕಳು ಚಪ್ಪಾಳೆ ತಟ್ಟಲಿಲ್ಲ. ಹುಡುಗ ಅವರ ತೋಳು ಹಿಡಿದು ಎಳೆದ. “ಸಾಕು ಏಳಿ, ನನ್ ಟರ್ನ್! ನಿಮ್ ಟ್ರಿಕ್ಕು ಗೊತ್ತಾಯ್ತು.” ಅದೇ ಕುಲುಕಾಟ ಅವನೂ ಮಾಡಿದ, ಬೆರಳು ಅವನದು ಚುರುಕು, ಮೂರು ಹಗ್ಗವೂ ಖಾಲಿ. ಎದ್ದು ನಿಂತು ಅವರ ಮುಖದ ಮುಂದೆಯೇ ಕುಣಿದ. “ತಾತ ಸೋತ್ರು! ತಾತ ಸೋತ್ರು!”

ಹುಡುಗನ ಅಂಗಿ ಹಿಡಿದೆಳೆಯಲು ನಾನು ಮುಂದೆ ಬಂದೆ.

“ಏಯ್, ನಂಗ್ ಬಂದಾಗ ಗಾಳಿ ಜಾಸ್ತಿ ಇತ್ತು!” ಎಂದರು ನಮ್ಮ ಮನೆಯವರು.

“ಗಾಳಿ ಎಲ್ರಿಗೂ ಒಂದೇ ತಾತ, ನಾವೇ ಆಕಿರಾದು.”

“ಮೋಸ ಕಣ್ಲಾ ಇದು! ಮೊದಲ್ನೇ ಸಲ ಆಡೋನಿಗೆ ಏನ್ ಗೊತ್ತಿರುತ್ತೆ? ಇನ್ನೊಂದ್ ಆಟ!”

“ಲೈನ್‌ನಾಗೆ ಬನ್ನಿ! ನನ್ನ ಹಿಂದೆ!” ಎಂದಳು ಮೊಮ್ಮಗಳು.

ಮೈದಾನದ ದನಿ. ಗೋಡೆಗೆ ತಾಗಿ ಮರಳುವ ಅದೇ ದನಿ. ನಾನು ಕಿಟಕಿ ಕಡೆ ತಿರುಗಿ ಗಾಜಿಗೆ ಇನ್ನೂ ಅಂಟಿಕೊಂಡಿದ್ದ ಸ್ಟಿಕ್ಕರ್‌ಗಳನ್ನು ಕೀಳುತ್ತ ನಿಂತೆ. ಕೀಳುವ ಅವಸರವೇನೂ ಇರಲಿಲ್ಲ.

ನಾಲ್ಕು ಮಕ್ಕಳ ಹಿಂದೆ ಆರಡಿ ಮನುಷ್ಯ ಸಾಲಿನಲ್ಲಿ ನಿಂತು, ಮುಂದಿನವರು ಆಡುವಾಗ ತಪ್ಪು ಹೇಳಿಕೊಡುತ್ತ, ಬೈಸಿಕೊಳ್ಳುತ್ತ ಕಾದರು. ಗೆದ್ದರು, ಸೋತರು, ಮತ್ತೆ ಸಾಲಿನ ಕೊನೆಗೆ ಹೋದರು. “ಟ್ರೈನಿಗೆ ಹೊತ್ತಾಯ್ತು ರೀ” ಎಂದೆ. “ಬತ್ತೀನಿ ಇರೇ” ಎಂದರು. ಇನ್ನೊಮ್ಮೆ ಹೇಳಿದೆ. “ನೀನ್ ಬೇಕಾದ್ರೆ ಓಗು” ಎಂದರು. ಮಾರಿಕುಪ್ಪಂ ಕಡೆಯಿಂದ ಟ್ರೈನು ಕೂಗಿದ್ದು ಕೇಳಿಸಿತು. ಹೊರಟೂ ಹೋಯಿತು. ನಾನು ಕೋಪ ಬಂದವಳ ಹಾಗೆ ಬೆಂಚಿನ ಮೇಲೆ ಕೂತು, ಮಗಳು ಕಳಿಸಿದ್ದ ಚಕ್ಕುಲಿ ಪೂರ್ತಿ ಒಬ್ಬಳೇ ತಿಂದೆ.

ಬಸ್ಸಿನಲ್ಲಿ ವಾಪಸ್ ಬಂದೆವು. ದಾರಿಯುದ್ದಕ್ಕೂ ಅದೇ ಮಾತು. ದೂರದ ಹಗ್ಗ ಬಹಳ ದೂರವಾಯಿತು. ಯೂನಿಫಾರ್ಮು ಬಿಳಿ, ಧೂಳೂ ಬಿಳಿ, ಕಾಣುವುದಿಲ್ಲ. ಉದ್ದದ ಕೀ ಒಂದೊಂದು ಸಲ ಅಂಟಿಕೊಳ್ಳುತ್ತದೆ. “ಬರಿ, ಬರಿ, ಅವ್ರಿಗೆ ಕಳ್ಸು” ಎಂದು ನನ್ನ ಮೊಣಕೈ ತಿವಿದರು. ತರಗತಿಯವರ ಗ್ರೂಪಿಗೆ ನಾನು ಕುಲುಕುವ ಬಸ್ಸಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಎಲ್ಲ ದೂರುಗಳನ್ನೂ ಕಳಿಸಿದೆ.

ಬೇಗನೆ ಉತ್ತರ ಬಂತು, ಹುಡುಗನ ದನಿಯಲ್ಲಿ. ಅವನಮ್ಮನ ಫೋನಿನಿಂದ ಮಾತಾಡಿ ಕಳಿಸಿದ್ದ. ನಾನು ಒತ್ತಿದ ಕೂಡಲೇ ಬಸ್ಸಿಗೆಲ್ಲ ಕೇಳಿಸಿತು.

“ತಾತಾ, ಗೇಮ್ ಸರಿಯಾಗೇ ಐತೆ. ನಿಮ್ಗೇ ಆಡಾಕ್ ಬರಲ್ಲ. ಶನಿವಾರ ಬನ್ನಿ, ಎಂಗೆ ಆಡ್ಬೇಕು ಅಂತ ಏಳ್ಕೊಡ್ತೀನಿ.”

ಮುಂದಿನ ಸೀಟಿನವರು ತಿರುಗಿ ನೋಡಿದರು. ನಮ್ಮ ಮನೆಯವರಿಗೆ ನಗು ಹೊಟ್ಟೆಯಿಂದ ಎದ್ದು ಬಂತು. ನಗುತ್ತ ಕೆಮ್ಮಿದರು, ಕೆಮ್ಮುತ್ತ ನಕ್ಕರು, ಕಂಡಕ್ಟರ್ ಹಿಂದೆ ಬಂದು ನೀರು ಬೇಕಾ ಎಂದು ಕೇಳಿದ.

“ಎಷ್ಟ್ ಕೊಬ್ಬು ನೋಡೇ ಅದಕ್ಕೆ!” ಎಂದರು, ಕಣ್ಣೊರೆಸಿಕೊಳ್ಳುತ್ತ. “ಒಂಚೂರಾದ್ರೂ ಮರ್ಯಾದೆ ಐತಾ? ಒಂಚೂರಾದ್ರೂ ಪಾಪ ಅಂತ ಐತಾ?”

“ಇಲ್ವೇ ಇಲ್ಲ” ಎಂದೆ. “ಏನಂತ ಏಳ್ಲಿ?”

“ನೀನೇನೂ ಏಳ್ಬೇಡ. ಕೊಡಿಲ್ಲಿ.”

ಫೋನನ್ನು ಅವರ ಬಾಯಿಗೆ ಹಿಡಿದು ಗುಂಡಿ ಒತ್ತಿದೆ.

“ಲೇ!” ಎಂದು ಕೂಗಿದರು, ಮಾರಿಕುಪ್ಪಂಗೆ ಫೋನಿಲ್ಲದೆಯೇ ಕೇಳಿಸುವ ಹಾಗೆ. “ಬತ್ತೀನಿ ಕಣ್ಲಾ ಶನಿವಾರ! ಅಳಿಸ್ತೀನಿ ನಿನ್ನ!”